ಮೊಳಕಾಲ್ಮೂರು ಒಂದು ಕುರ್ಚಿಯಷ್ಟು ಕೆಳಗೆ

ಚಳ್ಳಕೆರೆಯ ಪುಟ್ಟರೈಲು ಸಂಘದ ರೈಲು ಮೂರು ವರ್ಷದಿಂದ ಚಳ್ಳಕೆರೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಮೇಜಿನ ಮೇಲಿನ ನಿಲ್ದಾಣದಿಂದ ಹೊರಟು, ರಟ್ಟಿನ ಕೊಳವೆಗಳಿಂದ ಮಾಡಿದ ಸುರಂಗ ಹೊಕ್ಕು, ಜೀರಿಗೆ ಗಾತ್ರದ ಶೇಂಗಾ ಮೂಟೆಗಳ ಪಕ್ಕದಲ್ಲಿ ಹಾದು, ಮತ್ತೆ ಅದೇ ನಿಲ್ದಾಣಕ್ಕೆ ಬರುತ್ತಿತ್ತು. ಚಳ್ಳಕೆರೆಯ ಬಯಲಿನಲ್ಲಿ ಸುರಂಗ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಸಂಘದ ಕಾರ್ಯದರ್ಶಿ ಹನುಮಂತರಾಜು, "ಕೊಳವೆ ಇದ್ವು" ಎನ್ನುತ್ತಿದ್ದ. ಅವನಿಗೆ ಬಳೆ ಅಂಗಡಿ ಇತ್ತು, ಬಳೆಗಳು ಅಂಥ ಕೊಳವೆಗಳಲ್ಲೇ ಪೋಣಿಸಿ ಬರುತ್ತಿದ್ದವು.

ಸಂಘದಲ್ಲಿದ್ದದ್ದು ಮೂವರು. ಹನುಮಂತರಾಜು ಎಂಜಿನ್ ನಡೆಸುತ್ತಿದ್ದ. ಆಟೋ ಓಡಿಸುವ ಬೋರಯ್ಯ ದಿನಾ ಸಂಜೆ ಬಂದು ಶಾಲೆ ಮಕ್ಕಳ ರಬ್ಬರಿನಿಂದ ಹಳಿಗಳನ್ನು ಉಜ್ಜುತ್ತಿದ್ದ. ಹಳಿಗೆ ಎಣ್ಣೆಯ ಪಸೆ ತಗುಲಿದರೆ ಕರೆಂಟು ಹರಿಯದೆ ರೈಲು ನಿಂತುಬಿಡುತ್ತದೆ. ಆದ್ದರಿಂದ ಪಕ್ಕದ ಚಿಕ್ಕಕ್ಕನ ಅಂಗಡಿಯ ಮಿರ್ಚಿಯನ್ನು ಸದಸ್ಯರು ಚಮಚದಲ್ಲೇ ತಿನ್ನಬೇಕೆಂಬ ನಿಯಮವಿತ್ತು. ರೈಲು ಹಳಿ ತಪ್ಪಿದಾಗ ಯಾರೂ ನಗಬಾರದೆಂಬುದು ಎರಡನೆಯ ನಿಯಮ. ಅದನ್ನು ಬೋರಯ್ಯನೊಬ್ಬನಿಗಾಗಿಯೇ ಮಾಡಿದ್ದು. ಮೂರನೆಯವನು ನಾನು. ಡಿಗ್ರಿ ಮುಗಿಸಿದ್ದೇನೆ, ಮಾತು ಕಡಿಮೆ. ಹಾಗಾಗಿ ನನಗೆ ಸಿಗ್ನಲ್ ಕೊಟ್ಟಿದ್ದರು. ಕೆಂಪು, ಹಸಿರು ಎರಡೇ ಹೇಳಬೇಕಾದ ಕೆಲಸ, ನನಗೆ ಒಗ್ಗಿತ್ತು.

ಇಷ್ಟೆಲ್ಲ ನಡೆಯುತ್ತಿದ್ದದ್ದು ಜಂಬುಲಿಂಗಪ್ಪನವರ ಹಳೆಯ ಶೇಂಗಾ ಗೋಡೌನಿನಲ್ಲಿ. ಅವರ ತಂದೆಯ ಕಾಲದ ಕಟ್ಟಡ. ಖಾಲಿ ಬಿದ್ದಿದೆಯೆಂದು ನಮಗೆ ಬಿಟ್ಟುಕೊಟ್ಟಿದ್ದರು. ಮೊನ್ನೆ ಬೇಸಿಗೆಯಲ್ಲಿ ಅದರ ಮೇಲೆ ಒಬ್ಬ ಹುಣಸೆಹಣ್ಣಿನ ವ್ಯಾಪಾರಿಯ ಕಣ್ಣು ಬಿತ್ತು. ಜಂಬುಲಿಂಗಪ್ಪನವರು ಒಂದು ಸಂಜೆ ಬಂದು, ಕುರ್ಚಿ ಹಾಕಿಸಿಕೊಂಡು, ನಮ್ಮ ರೈಲು ಮೂರು ಸುತ್ತು ಹಾಕುವುದನ್ನು ನೋಡಿದರು. ಅವರ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಕುರ್ಚಿ ಇಲ್ಲದ ಕಡೆ ಅವರು ಕೂರುತ್ತಿರಲಿಲ್ಲ.

"ಎಲ್ಲಿಗಂಟ ಹೋಗ್ತೈತೆ ಇದು?" ಎಂದು ಕೇಳಿದರು.

"ಮೊಳಕಾಲ್ಮೂರಿಗಂಟ ಸಾರ್" ಎಂದ ಹನುಮಂತರಾಜು.

ಯಾಕೆ ಹಾಗೆಂದನೋ ಗೊತ್ತಿಲ್ಲ. ಬಾಯಿ ತೆರೆದಿತ್ತು, ಊರಿನ ಹೆಸರು ಹತ್ತಿರದಲ್ಲಿತ್ತು.

"ಮೊಳಕಾಲ್ಮೂರು ಎಲ್ಲೈತೆ? ನಂಗೆ ಕಾಣ್ತಿಲ್ವಲ್ಲ."

"ಬರ್ತೈತೆ ಸಾರ್. ಭಾನುವಾರ."

ಜಂಬುಲಿಂಗಪ್ಪನವರು ಕೋಲೂರಿ ಎದ್ದರು. "ಮೊಳಕಾಲ್ಮೂರು ನಮ್ಮನೆಯವಳ ತವರು. ಭಾನುವಾರ ಅವಳನ್ನೂ ಕರ್ಕೊಂಡು ಬರ್ತೀನಿ. ನಿಮ್ ರೈಲು ಮುಟ್ಟಿದ್ರೆ ಗೋಡೌನು ನಿಮ್ದೇ ಅನ್ಕೊಳ್ಳಿ. ಮುಟ್ಲಿಲ್ಲ ಅಂದ್ರೆ ಹುಣಸೆಹಣ್ಣು ಬರ್ತೈತೆ."

ಅವರು ಹೋದ ಮೇಲೆ ಬೋರಯ್ಯ ಕೈಯಲ್ಲಿದ್ದ ರಬ್ಬರನ್ನು ಜೇಬಿಗೆ ಹಾಕಿಕೊಂಡ. "ಲೇ ಹನುಮಂತ, ಅವ್ರು ಹೊಸಪೇಟೆ ಅಂದಿದ್ರೆ ಅದಕ್ಕೂ ಹೂಂ ಅಂತಿದ್ಯಾ?"

"ಅವ್ರು ಏನೂ ಅನ್ಲಿಲ್ಲ, ನಾನೇ ಅಂದಿದ್ದು" ಎಂದ ಹನುಮಂತರಾಜು. ಅದರಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಇದ್ದಂತಿತ್ತು.

ಅವನ ಧೈರ್ಯಕ್ಕೆ ಒಂದು ಆಧಾರವಿತ್ತು. ಮೊಳಕಾಲ್ಮೂರಿನಲ್ಲಿ ಸೂರಪ್ಪ ಎಂಬ ರೇಷ್ಮೆ ಸೀರೆ ನೇಯುವವರಿದ್ದರು. ಅವರಿಗೂ ಇದೇ ಹುಚ್ಚು. ಮಗ್ಗದ ಪಕ್ಕದಲ್ಲೇ ಮೊಳಕಾಲ್ಮೂರು ನಿಲ್ದಾಣ, ಅದರ ಬೆನ್ನಿಗೆ ಬ್ರಹ್ಮಗಿರಿ ಬೆಟ್ಟ ಕಟ್ಟಿಕೊಂಡು, ಅದರ ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಹನುಮಂತರಾಜು ಅಲ್ಲೇ ನಿಂತು ಅವರಿಗೆ ಫೋನು ಹಚ್ಚಿದ. ಸೂರಪ್ಪ ತಮ್ಮ ಹಲಗೆಗಳನ್ನು ತರಲು ತಕ್ಷಣ ಒಪ್ಪಿದರು. ಇಬ್ಬರ ಹಳಿಯ ಅಗಲ ಒಂದೇ, ಕರೆಂಟೂ ಒಂದೇ, ಬೋಗಿಗಳ ಕೊಂಡಿಯೂ ಒಂದೇ.

"ಎತ್ತರ ಎಷ್ಟಿಟ್ಟೀರಿ?" ಎಂದ ಹನುಮಂತರಾಜು.

"ಕೂತ್ರೆ ಹಳಿ ಎದೆಮಟ್ಟ ಬರ್ಬೇಕು ರಾಜುಗಾರು. ಅಂತೇ, ಅಷ್ಟೇ" ಎಂದರು ಸೂರಪ್ಪ, ತಮ್ಮ ತೆಲುಗು ಬೆರೆತ ಮಾತಿನಲ್ಲಿ.

"ನಮ್ದೂ ಅಷ್ಟೇ!"

ಇಬ್ಬರಿಗೂ ಸಂತೋಷವಾಗಿ ಫೋನು ಇಟ್ಟರು. ಈ ಮಾತಿನಲ್ಲಿ ಯಾರದೂ ತಪ್ಪಿರಲಿಲ್ಲ ಎಂಬುದನ್ನು ಮುಂದಿನದನ್ನು ಓದುವ ಮೊದಲು ತಿಳಿದಿರಬೇಕು.

ಶನಿವಾರ ಮಧ್ಯಾಹ್ನ ಸೂರಪ್ಪ ಲಗೇಜು ಆಟೋದಲ್ಲಿ ಬಂದಿಳಿದರು. ಜೊತೆಗೆ ಹೆಂಡತಿ ನಾಗರತ್ನಮ್ಮ, ಮಡಿಲಲ್ಲಿ ಹತ್ತಿ ಸುತ್ತಿದ ಬ್ರಹ್ಮಗಿರಿ. ಬೋಗಿಗಳನ್ನು ನೋಡಲು ನಾವು ಬಗ್ಗಿದೆವು. ಪ್ರತಿ ಬೋಗಿಗೂ ರೇಷ್ಮೆ ಸೀರೆಯಂತೆ ಅಂಚು ಇತ್ತು. ಕೊನೆಯ ಬೋಗಿಗೆ ಸೆರಗೂ ಇತ್ತು. ಒಳಗೆ ಬೆರಳುಗುರಿನಷ್ಟು ದೊಡ್ಡ ಪ್ರಯಾಣಿಕರು ಕೂತಿದ್ದರು. ಯಾರಿಗೂ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ.

"ಇವ್ರಿಗೆ ಕಾಲೇ ಇಲ್ವಲ್ಲ ಅಣ್ಣಾ?" ಎಂದ ಬೋರಯ್ಯ.

"ಕೂತೋರಿಗೆ ಕಾಲು ಯಾಕಯ್ಯಾ?" ಎಂದು ಸೂರಪ್ಪ ಆಶ್ಚರ್ಯಪಟ್ಟರು.

ಆಗಲೇ ನಮಗೆ ಅರ್ಥವಾಗಬೇಕಿತ್ತು. ಅವರು ಹಲಗೆಗಳನ್ನು ನೆಲದ ಮೇಲಿಟ್ಟರು. ಹಲಗೆಯ ಕಾಲು ಒಂದು ಮೊಳವೂ ಇರಲಿಲ್ಲ. ನಮ್ಮ ಚಳ್ಳಕೆರೆ ಮೇಜಿನ ಮೇಲಿತ್ತು. ಸೂರಪ್ಪ ಸುತ್ತ ಒಮ್ಮೆ ಕಣ್ಣಾಡಿಸಿ ಕೇಳಿದರು: "ಕುಣಿ ಎಲ್ಲಿ?"

"ಯಾವ ಕುಣಿ?"

"ಕಾಲು ಬಿಡೋದು! ಕುಣಿ ಇಲ್ದೆ ಹೆಂಗೆ ಕೂರ್ತೀರಿ ನೀವು?"

ಸೂರಪ್ಪನವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಬಿಟ್ಟು, ನೆಲಮಟ್ಟದಲ್ಲಿ ಕೂತು ನೇಯುವವರು. ಅವರ ಅಪ್ಪ ಹಾಗೆ ಕೂತಿದ್ದರು, ಅಜ್ಜ ಹಾಗೆ ಕೂತಿದ್ದರು. ಮನುಷ್ಯ ಕೂರುವುದು ಎಂದರೆ ಹಾಗೆ. ಚಳ್ಳಕೆರೆಯಲ್ಲಿ ಮನುಷ್ಯ ಕೂರುವುದು ಎಂದರೆ ಪ್ಲಾಸ್ಟಿಕ್ ಕುರ್ಚಿ. ಹನುಮಂತರಾಜು ಟೇಪು ಹಿಡಿದು ಅಳೆದ. ಮೊಳಕಾಲ್ಮೂರು ಚಳ್ಳಕೆರೆಗಿಂತ ಸರಿಯಾಗಿ ಒಂದು ಕುರ್ಚಿಯಷ್ಟು ಕೆಳಗಿತ್ತು.

"ನಿಮ್ದನ್ನ ಮೇಲೆತ್ತೋಣ ಬಿಡಿ, ಇಟ್ಟಿಗೆ ಕೊಟ್ಟು" ಎಂದ.

ಎತ್ತಿ ನೋಡಿದೆವು. ಎತ್ತಿ, ಸುತ್ತ ನಿಂತು ಮೇಲಿನಿಂದ ಬಗ್ಗಿ ನೋಡಿದಾಗ ಬ್ರಹ್ಮಗಿರಿಯ ಬೆನ್ನು ಕಂಡಿತು. ಅದು ಟೂತ್‌ಪೇಸ್ಟಿನ ಡಬ್ಬಿಗಳಿಂದ ಮಾಡಿದ್ದೆಂಬುದೂ ಯಾವ ಪೇಸ್ಟು ಎಂಬುದೂ ಕಂಡಿತು. ಸೂರಪ್ಪ ಮುಖ ತಿರುಗಿಸಿಕೊಂಡರು. "ವದ್ದು ರಾಜುಗಾರು, ಬೇಡ. ನನ್ನೂರು ಹಿಂಗೆ ನೋಡೋದಲ್ಲ. ಕೆಳಗಿಂದ ನೋಡ್ಬೇಕು. ಮೇಲಿಂದ ನೋಡಿದ್ರೆ ಅದು ರೈಲಲ್ಲ, ಸಾವಿರಕಾಲಿನ ಹುಳ."

ಹಾಗಾದರೆ ಚಳ್ಳಕೆರೆ ಕೆಳಗಿಳಿಯಬೇಕು. ಇದು ಊರಿನ ಮರ್ಯಾದೆಯ ಪ್ರಶ್ನೆ ಎಂದ ಹನುಮಂತರಾಜು. ಆಮೇಲೆ ಮೇಜುಗಳನ್ನು ತೆಗೆದು ಚಳ್ಳಕೆರೆಯನ್ನು ಇಟ್ಟಿಗೆಯ ಮೇಲೆ ಕೂರಿಸಿದೆವು. ಹಳಿಗೆ ಹಳಿ ಕೂಡಿತು. ಎಲ್ಲ ಮುಗಿಯಿತು ಎನ್ನುವಾಗ ಬೋರಯ್ಯ ಕೇಳಿದ: "ಜಂಬುಲಿಂಗಪ್ಪನೋರು ಎಲ್ಲಿ ಕೂರ್ತಾರೆ? ಕುರ್ಚಿ ಹಾಕಿದ್ರೆ ಪೇಸ್ಟಿನ ಡಬ್ಬಿ ಕಾಣ್ತೈತೆ. ನೆಲದ ಮೇಲೆ ಕೂರಿಸಿದ್ರೆ ಮೊಣಕಾಲು ಮಡಚಲ್ಲ."

ಎಲ್ಲರೂ ನೆಲ ನೋಡಿದರು. ನೆಲಕ್ಕೆ ಕಡಪ ಕಲ್ಲು ಹಾಸಿತ್ತು. ಕಲ್ಲೆತ್ತಿದರೆ ಮಣ್ಣು.

"ಒಂದು ಕುಣಿ ತೋಡಿದ್ರೆ ಕಾಲು ಇಳಿಬಿಟ್ಕೊಂಡು ಕೂರ್ತಾರೆ" ಎಂದರು ಸೂರಪ್ಪ. "ಮಡಚೋದೇ ಬೇಡ."

ಗೋಡೌನು ಉಳಿಸಿಕೊಳ್ಳಲು ಗೋಡೌನಿನವರಿಗೆ ಹೇಳದೆ ಗೋಡೌನು ಅಗೆಯುವುದೆಂದು ಹೀಗೆ ತೀರ್ಮಾನವಾಯಿತು. ಯಾರೂ ವಿರೋಧಿಸಲಿಲ್ಲ. ನನಗೆ ಒಂದು ಅನುಮಾನವಿತ್ತು. ಅದನ್ನು ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಬೋರಯ್ಯ ಹಾರೆ ತಂದಿದ್ದ.

ನಾಗರತ್ನಮ್ಮ ತಡೆದರು. ಪೂಜೆ ಮಾಡದೆ ಕುಣಿಗೆ ಹಾರೆ ಹಾಕುವಂತಿಲ್ಲ, ತಮ್ಮ ಮನೆಯಲ್ಲಿ ಮಗ್ಗ ಹೂಡುವಾಗಲೂ ಹಾಗೇ ಎಂದರು. ಅರಿಸಿನ ಕುಂಕುಮ ಅವರ ಚೀಲದಲ್ಲಿತ್ತು. ನಿಂಬೆಹಣ್ಣಿಗೆ ಚಿಕ್ಕಕ್ಕನ ಅಂಗಡಿಗೆ ಹೋದರು.

ಚಿಕ್ಕಕ್ಕ ಮಂಡಕ್ಕಿಗೆ ಹಿಂಡಲು ಇಟ್ಟಿದ್ದ ಹಣ್ಣುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಕೊಡದೆ ಕೇಳಿದಳು: "ಯಾಕವ್ವ?"

"ನೆಲ ತೋಡ್ತಾವ್ರೆ, ಅದಕ್ಕೆ."

"ಯಾವೂರು ನಿಂದು?"

"ಮೊಳಕಾಲ್ಮೂರು. ಬ್ರಹ್ಮಗಿರಿ ಕಡೆ."

ಚಿಕ್ಕಕ್ಕ ನಿಂಬೆಹಣ್ಣು ಕೊಟ್ಟಳು. ಆಮೇಲೆ ಒಲೆ ಆರಿಸಿದಳು. ಇಪ್ಪತ್ತು ವರ್ಷದಲ್ಲಿ ಚಿಕ್ಕಕ್ಕನ ಒಲೆ ಸಂಜೆಗೆ ಮುಂಚೆ ಆರಿದ್ದನ್ನು ಬೀದಿ ಕಂಡಿರಲಿಲ್ಲ. ಬೀದಿಗೆ ಅಷ್ಟು ಸಾಕಾಯಿತು.

ಬೋರಯ್ಯ ಇನ್ನೂ ಮೊಣಕಾಲುದ್ದ ತೋಡಿರಲಿಲ್ಲ, ಬಾಗಿಲಲ್ಲಿ ಜನ ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಹಳೆಯ ಶಾಸನವಿರುವ ಬ್ರಹ್ಮಗಿರಿಯ ಕಡೆಯವರು ನಿಂಬೆಹಣ್ಣಿಟ್ಟು ತೋಡುವುದೆಂದರೆ ನಿಧಿಯೇ, ನಿಧಿ ತೆಗೆಯುವಾಗ ಮಾತಾಡಿದರೆ ಅದು ಕೆಳಗೆ ಜಾರುತ್ತದಂತೆ. ಒಬ್ಬರು ಮಾತ್ರ, ತಮ್ಮ ಅಜ್ಜ ಈ ಗೋಡೌನಿಗೆ ಗೋಡೆ ಕಟ್ಟಿದವರೆಂದೂ, ಪಾಲಿನ ವಿಷಯ ಬಂದರೆ ಅದು ನೆನಪಿರಲಿ ಎಂದೂ ಪಿಸುಗುಟ್ಟಿದರು.

ಅಷ್ಟರಲ್ಲಿ ಹೆಡ್ ಕಾನ್‌ಸ್ಟೆಬಲ್ ಗಂಗರಾಜು ಬಂದರು. ಅವರು ನಿಧಿಗಳ್ಳರನ್ನು ಹಿಡಿದ ಅನುಭವಿ. ಆದರೆ ಹಾಡಹಗಲೇ, ಬಾಗಿಲು ತೆರೆದಿಟ್ಟುಕೊಂಡು ತೋಡುವವರನ್ನು ಕಂಡಿದ್ದು ಇದೇ ಮೊದಲು. ನಿಂಬೆಹಣ್ಣು ನೋಡಿದರು, ಕುಂಕುಮ ನೋಡಿದರು, ಹಾರೆ ನೋಡಿದರು. ಕೊನೆಗೆ ಬ್ರಹ್ಮಗಿರಿಯನ್ನು ನೋಡಿದರು.

"ಇದೇನ್ರಿ?"

"ಬ್ರಹ್ಮಗಿರಿ ಸಾರ್" ಎಂದ ಹನುಮಂತರಾಜು.

"ನಕ್ಷೆ ಬೇರೆ ಮಾಡ್ಕೊಂಡೀರಿ. ಈ ಕೆಂಪು ಗುರುತು?"

"ಅಲ್ಲಿ ಶಾಸನ ಐತೆ ಸಾರ್."

ಬಾಗಿಲಲ್ಲಿದ್ದವರು ಒಟ್ಟಿಗೆ ಉಸಿರು ಬಿಟ್ಟರು.

"ಇಲ್ಲಿ ಏನು ತೋಡ್ತಿದ್ದೀರಿ?"

"ಕಾಲಿಗೆ ಸಾರ್."

"ಯಾರ ಕಾಲಿಗೆ?"

"ಜಂಬುಲಿಂಗಪ್ಪನೋರ ಕಾಲಿಗೆ. ನಾಳೆ ಅವರನ್ನ ಇದ್ರೊಳಗೆ ಇಳಿಸ್ಬೇಕು."

ಗಂಗರಾಜು ಟೋಪಿ ತೆಗೆದರು. "ಅವ್ರಿಗೆ ಇದು ಗೊತ್ತೈತಾ?"

"ಇಲ್ಲ ಸಾರ್. ಭಾನುವಾರದ ತನಕ ಗೊತ್ತಾಗ್ಬಾರ್ದು. ಮನೆಯವ್ರನ್ನೂ ಜೊತೆಗೆ ಕರ್ಕೊಂಡು ಬರ್ತೀನಿ ಅಂದವ್ರೆ, ಅದಕ್ಕೆ ಇಬ್ಬರಿಗಾಗಂಗೆ ಉದ್ದ ತೋಡ್ತಿದ್ದೀವಿ."

ಇಷ್ಟು ಪ್ರಾಮಾಣಿಕವಾದ ಹೇಳಿಕೆ ಗಂಗರಾಜು ಅವರ ಸರ್ವೀಸಿನಲ್ಲಿ ದೊರೆತಿರಲಿಲ್ಲವೆಂದು ಕಾಣುತ್ತದೆ. ಅವರು ಜಂಬುಲಿಂಗಪ್ಪನವರನ್ನೇ ಕರೆಸಿದರು.

ಅವರು ಹೆಂಡತಿ ದ್ರಾಕ್ಷಾಯಣಮ್ಮನ ಜೊತೆ ಬಂದರು. ಬರುವ ದಾರಿಯಲ್ಲೇ ಬೀದಿ ಅವರಿಗೆ ವಿಷಯ ತಿಳಿಸಿತ್ತು. ನಾವು ಬೈಗುಳಕ್ಕೆ ಸಿದ್ಧರಾಗಿ ತಲೆ ತಗ್ಗಿಸಿದೆವು. ಜಂಬುಲಿಂಗಪ್ಪನವರು ಕುಣಿಯ ಅಂಚಿಗೆ ಬಂದು, ಬಗ್ಗಿ ನೋಡಿ, ಒಂದೇ ಮಾತು ಕೇಳಿದರು.

"ಇಷ್ಟಕ್ಕೇ ಯಾಕೆ ನಿಲ್ಸಿದ್ರಿ?"

"ಸಾರ್, ಕಾಲಿಗೆ ಇಷ್ಟು ಸಾಕು..."

"ಕಾಲು ಇರ್ಲಿ ಕಣಯ್ಯಾ. ತೋಡು."

"ನಾನು ಮೊದ್ಲಿಂದ ಹೇಳ್ತಿರ್ಲಿಲ್ವಾ?" ಎಂದರು ದ್ರಾಕ್ಷಾಯಣಮ್ಮ. "ಅತ್ತೆ ಜೀವ ಬಿಡೋವಾಗ ಗೋಡೌನ್ ಕಡೆ ಕೈ ತೋರಿಸಿದ್ರು."

"ಅವ್ವ ಕೈ ತೋರ್ಸಿದ್ದು ನೀರಿನ ಬಿಂದಿಗೆಗೆ."

"ಬಿಂದಿಗೆ ಗೋಡೌನ್ ಕಡೆನೇ ಇತ್ತಲ್ರಿ."

ಗಂಗರಾಜು ಕಾನೂನು ತಿಳಿಸಿದರು: ಸಿಕ್ಕರೆ ಸರ್ಕಾರದ್ದು, ಸಿಗದಿದ್ದರೆ ಮನೆಯವರದ್ದು. ಎಲ್ಲರೂ ಒಪ್ಪಿದರು. ಆಮೇಲೆ ಬೋರಯ್ಯನೊಬ್ಬನೇ ತೋಡಬೇಕಾಗಲಿಲ್ಲ. ಗೋಡೆ ಕಟ್ಟಿದವರ ಮೊಮ್ಮಗ ಇಳಿದರು, ಬೀದಿಯ ಇನ್ನಿಬ್ಬರು ಇಳಿದರು. ಹನುಮಂತರಾಜು ಮಾತ್ರ ಮಣ್ಣು ಹಾರಿ ಹಳಿಯ ಮೇಲೆ ಬೀಳದಂತೆ ತನ್ನ ಪಂಚೆಯನ್ನು ಚಳ್ಳಕೆರೆಯ ಮೇಲೆ ಹೊದಿಸಿ, ಚಡ್ಡಿಯಲ್ಲಿ ಕಾವಲು ನಿಂತ.

ಕುಣಿ ಎದೆಯುದ್ದವಾದಾಗ ಹಾರೆ ಠಣ್ ಎಂದಿತು.

ಗಂಗರಾಜು ಟೋಪಿ ಹಾಕಿಕೊಂಡರು. ಬೋರಯ್ಯ ಕೈಯಿಂದ ಮಣ್ಣು ಸರಿಸಿ, ತುಕ್ಕು ಹಿಡಿದ ಕಬ್ಬಿಣದ ಒಂದು ತುಂಡನ್ನು ಮೇಲೆತ್ತಿ ಕೊಟ್ಟ. ತಕ್ಕಡಿಯ ಬೊಟ್ಟು, ತೂಕದ ಕಲ್ಲು. ಮೇಲೆ ಐದು ಕೆ.ಜಿ. ಎಂದು ಅಚ್ಚಾಗಿತ್ತು. ಗಂಗರಾಜು ಅದನ್ನು ಒಂದು ಕೈಯಲ್ಲಿ ತೂಗಿ ನೋಡಿದರು, ಇನ್ನೊಂದು ಕೈಯಲ್ಲಿ ನೋಡಿದರು. ತಿರುಗಿಸಿ ತಳ ನೋಡಿದರು. ತಳ ಕೊರೆದು ಟೊಳ್ಳು ಮಾಡಿದ್ದರು.

"ಐದು ಕೆ.ಜಿ. ಅಂತ ಐತೆ" ಎಂದರು ಗಂಗರಾಜು. "ಎತ್ತಿದ್ರೆ ನಾಲ್ಕು ಅನ್ಸುತ್ತೆ."

"ತುಕ್ಕು ಹಿಡಿದೈತೆ" ಎಂದರು ಜಂಬುಲಿಂಗಪ್ಪ. "ತುಕ್ಕು ತೂಕ ತಿನ್ನುತ್ತೆ."

"ಕೆಳಗಿಂದ ಮಾತ್ರ ತಿಂದೈತೆ."

ಚಿಕ್ಕಕ್ಕ ಮುಂದೆ ಬಂದು ಬೊಟ್ಟಿನ ಕಡೆಗೊಮ್ಮೆ, ಜಂಬುಲಿಂಗಪ್ಪನವರ ಕಡೆಗೊಮ್ಮೆ ನೋಡಿದಳು. "ನಮ್ಮಪ್ಪ ಇದೇ ಗೋಡೌನಿಂದ ಬಿತ್ತನೆ ಶೇಂಗಾ ತರ್ತಿದ್ದ. ಪ್ರತೀ ಸಲ ಮೂಟೆಗೆ ಮೂಟೆ ಕಡಿಮೆ ಬರ್ತೈತೆ, ಹೆಗ್ಗಣ ತಿಂತಾವೆ ಅಂತ ನಮ್ಮನೇಲಿ ಬೆಕ್ಕು ಸಾಕಿದ್ದ."

ಗೋಡೆ ಕಟ್ಟಿದವರ ಮೊಮ್ಮಗ ಬೊಟ್ಟನ್ನು ತೆಗೆದುಕೊಂಡು ತಾವೂ ತೂಗಿ ನೋಡಿದರು.

"ಸಾಕು, ತೋಡಿದ್ದು ಸಾಕು" ಎಂದರು ಜಂಬುಲಿಂಗಪ್ಪ. ಬೊಟ್ಟನ್ನು ತಾವೇ ತೆಗೆದುಕೊಂಡು ಮೂಲೆಯ ಗೋಣಿಚೀಲದ ಕೆಳಗಿಟ್ಟರು. ಹೋಗುವಾಗ ಹನುಮಂತರಾಜುವಿನ ಹತ್ತಿರ ನಿಂತು, ಉಳಿದ ಸಿಟ್ಟೆಲ್ಲ ಅವನ ಮೇಲೆ ಸುರಿದರು: "ನಾಳೆ ನಿನ್ ರೈಲು ಮೊಳಕಾಲ್ಮೂರು ಮುಟ್ಲಿಲ್ಲ ಅಂದ್ರೆ, ಇದೇ ಗುಂಡೀಲಿ ನಿನ್ ಚಳ್ಳಕೆರೆ ಮುಚ್ಚಿ ಮೇಲೆ ಹುಣಸೆಹಣ್ಣು ಪೇರಿಸ್ತೀನಿ."

ಭಾನುವಾರ ಇಡೀ ಬೀದಿ ಬಂದಿತ್ತು. ರೈಲಿಗಾಗಿ ಅಲ್ಲ, ಗುಂಡಿಗಾಗಿ. ವ್ಯಾಪಾರಿಯೂ ಹುಣಸೆಹಣ್ಣಿನ ಟೆಂಪೊ ಹೊರಗೆ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದ. ಜಂಬುಲಿಂಗಪ್ಪನವರು ಕುರ್ಚಿಯಲ್ಲಿ ಕೂತು ಮೇಲಿನಿಂದ ನೋಡಿ, ತಮಗೆ ಪೇಸ್ಟಿನ ಡಬ್ಬಿಗಳು ಕಾಣುತ್ತಿವೆ ಎಂದರು. ಗುಂಡಿ ಕಾಲು ಬಿಟ್ಟು ಕೂರುವ ಆಳದಲ್ಲಿ ಉಳಿದಿರಲಿಲ್ಲ. ಒಳಗೆ ನಿಂತವರ ಎದೆಗೆ ಬರುತ್ತಿತ್ತು. ಹನುಮಂತರಾಜು ಅದನ್ನು ಮತ್ತೆ ಮತ್ತೆ ಟೇಪಿನಲ್ಲಿ ಅಳೆಯುತ್ತಿದ್ದ. ಅಷ್ಟರಲ್ಲಿ, ಗುಂಡಿಯೊಳಗೆ ಇನ್ನೇನಾದರೂ ಉಳಿದಿದೆಯೋ ಎಂದು ಹುಡುಕಲು ಇಳಿದಿದ್ದ ದ್ರಾಕ್ಷಾಯಣಮ್ಮನ ಧ್ವನಿ ಕೇಳಿಸಿತು.

"ರೀ, ಇಲ್ಲಿ ಬನ್ರಿ! ನಮ್ಮೂರು ಕಾಣ್ತೈತೆ!"

ಅವರ ತಲೆಯೊಂದೇ ಮೇಲಿತ್ತು. ಕಣ್ಣು ಸರಿಯಾಗಿ ಹಳಿಯ ಮಟ್ಟದಲ್ಲಿತ್ತು. ಸೂರಪ್ಪ ತಾವೂ ಇಳಿದು ನಿಂತು ನೋಡಿದರು. ಕಣ್ಣೊರೆಸಿಕೊಂಡು, "ಮಣ್ಣು ಬಿತ್ತು" ಎಂದರು.

ಜಂಬುಲಿಂಗಪ್ಪನವರನ್ನು ಇಳಿಸುವುದು ಕಷ್ಟವಾಗಲಿಲ್ಲ. ಗೋಡೌನಿನಲ್ಲಿ ಮೂಟೆ ಜಾರಿಸುವ ಹಲಗೆ ಇತ್ತು. ಮೂಟೆ ಇಳಿಸುವ ಕ್ರಮದಲ್ಲೇ ಅವರನ್ನು ಇಳಿಸಿದೆವು. ಅವರ ಪಕ್ಕ ಚಿಕ್ಕಕ್ಕ ನಿಂತಳು, ಅವಳ ಪಕ್ಕ ಗಂಗರಾಜು. ನೆಲದ ಮೇಲೆ ಸಾಲಾಗಿ ತಲೆಗಳು. ನಾನು ಹಸಿರು ತೋರಿಸಿದೆ.

ರೈಲು ಚಳ್ಳಕೆರೆ ಬಿಟ್ಟಿತು. ಸುರಂಗ ದಾಟಿತು. ಎರಡು ಊರು ಕೂಡುವ ಜಾಗಕ್ಕೆ ಬಂದು, ಒಮ್ಮೆ ಕುಪ್ಪಳಿಸಿ, ಮಗ್ಗುಲಾಗಿ ಮಲಗಿತು. ಮೊಳಕಾಲ್ಮೂರಿನ ಹಲಗೆ ಆ ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು.

ಯಾರೂ ನಗಲಿಲ್ಲ. ಬೋರಯ್ಯ ರಬ್ಬರು ಕಚ್ಚಿಕೊಂಡಿದ್ದ.

"ಮುಟ್ಲಿಲ್ಲ" ಎಂದಿತು ಜಂಬುಲಿಂಗಪ್ಪನವರ ತಲೆ.

ವ್ಯಾಪಾರಿ ಟೆಂಪೊದವನಿಗೆ ಕೈ ಮಾಡಿದ. ಹನುಮಂತರಾಜು ಬಾಯಿ ತೆರೆದ. ಮೊದಲ ಬಾರಿಗೆ ಅದರಿಂದ ಯಾವ ಊರೂ ಬರಲಿಲ್ಲ.

"ತಾಳಿ, ತಾಳಿ. ಅಲ್ಲಿ ಒಂಚೂರು ಭಾರ ಇಟ್ರೆ ಕೂತ್ಕೊಳ್ತದೆ" ಎಂದರು ಸೂರಪ್ಪ.

ಬೋರಯ್ಯ ನೇರ ಮೂಲೆಗೆ ಹೋಗಿ, ಗೋಣಿಚೀಲ ಎತ್ತಿ, ಬೊಟ್ಟು ತಂದ.

"ಅದ್ಯಾಕಲೇ ತಂದೆ?" ಎಂದರು ಜಂಬುಲಿಂಗಪ್ಪ.

"ಐದು ಕೆ.ಜಿ.ನಾ?" ಸೂರಪ್ಪ ಗಾಬರಿಯಾದರು. "ಬೇಡಯ್ಯಾ, ಹಲಗೆ ಮುರೀತದೆ."

"ಅಷ್ಟಿಲ್ಲ ಬಿಡಣ್ಣ" ಎಂದ ಬೋರಯ್ಯ.

ಬೊಟ್ಟು ಇಟ್ಟ. ಹಲಗೆ ಮುರಿಯಲಿಲ್ಲ, ಕೂತಿತು. ನಾನು ಮತ್ತೆ ಹಸಿರು ತೋರಿಸಿದೆ. ರೈಲು ಸುರಂಗದಿಂದ ಹೊರಬಂತು. ಗುಂಡಿಯಲ್ಲಿ ನಿಂತವರ ಮೂಗಿನ ಮುಂದೆ, ನಿಜವಾದ ರೈಲಿನಷ್ಟೇ ದೊಡ್ಡದಾಗಿ, ಅಂಚು ಸೆರಗಿನ ಬೋಗಿಗಳು ಒಂದೊಂದಾಗಿ ಹಾದುಹೋದವು. ಕಾಲಿಲ್ಲದ ಪ್ರಯಾಣಿಕರು ಕಿಟಕಿಯಿಂದ ಇವರನ್ನು ನೋಡಿದರು. ಇವರದೂ ಕಾಲು ಅವರಿಗೆ ಕಾಣುತ್ತಿರಲಿಲ್ಲ. ಬೊಟ್ಟಿನ ಹತ್ತಿರ ಕಟಕ್ ಎಂದಿತು. ಗಂಗರಾಜು ಅವರ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿತು. ರೈಲು ಬ್ರಹ್ಮಗಿರಿಯ ಬುಡ ಬಳಸಿ ಮೊಳಕಾಲ್ಮೂರಿನಲ್ಲಿ ನಿಂತಿತು.

"ನಮ್ಮೂರು ಬಂತು" ಎಂದು ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು, ಇಳಿಯುವವರ ಹಾಗೆ.

ವ್ಯಾಪಾರಿ ಗುಂಡಿಯ ಅಂಚಿಗೆ ಬಂದು ಬಗ್ಗಿದ. "ಸಾವ್ಕಾರ್ರೇ, ಮೂಟೆ ಇಳಿಸ್ಲಾ?"

"ಜಾಗ ಇಲ್ಲಪ್ಪಾ" ಎಂದರು ಜಂಬುಲಿಂಗಪ್ಪ, ತಲೆ ತಿರುಗಿಸದೆ.

"ಇಷ್ಟು ದೊಡ್ಡ ಗೋಡೌನು..."

"ಮೊಳಕಾಲ್ಮೂರು ಐತಲ್ಲ, ಕಾಣ್ಸಲ್ವಾ? ಅಡ್ಡ ನಿಲ್ಬೇಡ, ಸರಿ."

ಟೆಂಪೊ ಹೋದ ಸದ್ದು ಕೇಳಿಸಿದ ಮೇಲೆ ಬೋರಯ್ಯ ಹಲಗೆ ಹಿಡಿದು ಬಂದ. "ಮೇಲೆ ಹತ್ತಿಸ್ಲಾ ಸಾರ್?"

"ಆತುರ ಏನೈತೆ? ಅದು ವಾಪಸ್ ಬರ್ಲಿ, ನೋಡ್ಕೊಂಡು ಹತ್ತೀನಿ. ಯಾವಾಗ ಬರ್ತೈತೆ ಹನುಮಂತರಾಜು?"

ಸ್ವಿಚ್ಚು ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು, ರೈಲು ಹಿಂದಕ್ಕೆ ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಬಾಯಿ ತೆರೆದಿತ್ತು, ಊರಿನ ಹೆಸರು ಹತ್ತಿರದಲ್ಲಿತ್ತು.

"ರಾಯದುರ್ಗಕ್ಕೆ ಹೋಗಿ ಬರ್ತೈತೆ ಸಾರ್."

ಜಂಬುಲಿಂಗಪ್ಪನವರ ತಲೆ ಬಲಕ್ಕೆ ತಿರುಗಿ, ಮೊಳಕಾಲ್ಮೂರಿನ ಆಚೆಗಿದ್ದ ಕಡಪ ಕಲ್ಲುಗಳನ್ನು ನೋಡಿತು.

"ರಾಯದುರ್ಗ ಎಲ್ಲೈತೆ?"

ನಾನು ಕೆಂಪು ತೋರಿಸಿದೆ. ಹನುಮಂತರಾಜು ನೋಡಲಿಲ್ಲ.